ಬಾನೆಟ್ಟಿನ ಕೆಳಗಿನ ಟಿಕ್ ಟಿಕ್

ನನ್ನ ಬಳಿ ಇರುವುದು 1990ರ ಮಾಜ್ದಾ ಎಂಎಕ್ಸ್-5. ಎರಡೇ ಸೀಟು, ಮಡಚಿ ಹಿಂದಕ್ಕೆ ಸರಿಸಬಹುದಾದ ಬಟ್ಟೆಯ ಚಾವಣಿ, ಮುಂದೆ ಉದ್ದಕ್ಕೆ ಕೂರಿಸಿದ 1.6 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಓಡುವುದು ಹಿಂದಿನ ಚಕ್ರಗಳ ಬಲದಿಂದ. ಕಳೆದ ವರ್ಷ ಈ ಎಂಜಿನ್ನಿಗೆ ಒಂದು ಟಿಕ್ ಟಿಕ್ ಸದ್ದು ಅಂಟಿಕೊಂಡಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಶುರುವಾಗಿ, ಎಂಜಿನ್ ಕಾದ ಮೇಲೆ ತಗ್ಗಿ, ಮರುದಿನ ಬೆಳಿಗ್ಗೆ ಮತ್ತೆ ತಪ್ಪದೆ ಹಾಜರಾಗುತ್ತಿದ್ದ ಆ ಸದ್ದಿನ ಮೂಲವನ್ನು ಹಿಡಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಅದರಲ್ಲಿ ಮೂರು ತಿಂಗಳು, ಉತ್ತರ ನನಗೆ ಮೊದಲೇ ಗೊತ್ತಿದೆ ಎಂಬ ಭ್ರಮೆಯಲ್ಲಿಯೇ ಕಳೆದುಹೋದವು.

ಭ್ರಮೆಗೆ ಕಾರಣವಿಲ್ಲದೆ ಇರಲಿಲ್ಲ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲ ಬಾರಿಗೆ ಜನರ ಕಣ್ಣಿಗೆ ಬಿದ್ದ ಈ ಕಾರಿನ ಮೊದಲ ತಲೆಮಾರಿನ ಎಂಜಿನ್ನುಗಳಲ್ಲಿ, ಕ್ಯಾಮ್‌ಶಾಫ್ಟಿಗೂ ವಾಲ್ವುಗಳಿಗೂ ನಡುವೆ ಕೂತು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಲಿಫ್ಟರ್‌ಗಳಿದ್ದವು; ಎರಡನೆಯ ತಲೆಮಾರಿಗೆ ಬಂದಾಗ ಕಂಪನಿ ಅವುಗಳನ್ನು ಕೈಬಿಟ್ಟು ಗಟ್ಟಿ ಲಿಫ್ಟರ್‌ಗಳಿಗೆ ಹೋಯಿತು. ಹಳೆಯ ಕಾರುಗಳ ಈ ಲಿಫ್ಟರ್‌ಗಳು ಟಿಕ್ ಎನ್ನುವುದು ಎಷ್ಟು ಪ್ರಸಿದ್ಧವೆಂದರೆ, ಸದ್ದು ಎಂಬ ಮಾತು ನನ್ನ ಬಾಯಿಂದ ಹೊರಬೀಳುವಷ್ಟರಲ್ಲಿ ಎದುರಿನವರು ತೀರ್ಪು ಕೊಟ್ಟು ಮುಗಿಸಿರುತ್ತಿದ್ದರು. ಪರಿಚಯದ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತುವ ಮೊದಲೇ, "ಟ್ಯಾಪೆಟ್ ಸರ್, ಈ ಗಾಡಿಗೆ ಅದು ಇದ್ದದ್ದೇ" ಎಂದುಬಿಟ್ಟರು. ಟ್ಯಾಪೆಟ್ ಎಂದರೆ ಲಿಫ್ಟರಿನದೇ ಇನ್ನೊಂದು ಹೆಸರು. ನಾನೂ ತಲೆಯಾಡಿಸಿದೆ. ಆ ಮಾತಿನಲ್ಲಿ ಅರ್ಧ ಸತ್ಯವಿತ್ತು ಎಂಬುದೇ ಮುಂದಿನ ತೊಂದರೆಗೆಲ್ಲ ಮೂಲವಾಯಿತು.

ಲಿಫ್ಟರ್ ಏಕೆ ಸದ್ದು ಮಾಡುತ್ತದೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಸಿಲಿಂಡರಿಗೆ ಗಾಳಿ ಬಿಡುವ, ಅದರಿಂದ ಹೊಗೆ ಹೊರಬಿಡುವ ಬಾಗಿಲುಗಳೇ ವಾಲ್ವುಗಳು. ಅವುಗಳ ಮೇಲೆ ತಿರುಗುವ ಕ್ಯಾಮ್‌ಶಾಫ್ಟಿನ ಉಬ್ಬು ಬಂದು ವಾಲ್ವನ್ನು ಕೆಳಕ್ಕೆ ಒತ್ತಿದಾಗ ಅದು ತೆರೆಯುತ್ತದೆ. ಉಬ್ಬಿಗೂ ವಾಲ್ವಿನ ತುದಿಗೂ ನಡುವೆ ಸಂದು ಹೆಚ್ಚಾದರೆ ಲೋಹ ಲೋಹಕ್ಕೆ ಬಡಿದು ಟಕ್ ಎನ್ನುತ್ತದೆ. ಸಂದೇ ಇಲ್ಲದಿದ್ದರೆ, ಕಾದು ಹಿಗ್ಗಿದ ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತದೆ. ಗಟ್ಟಿ ಲಿಫ್ಟರ್ ಇರುವ ಎಂಜಿನ್ನಿನಲ್ಲಿ ಈ ಸಂದನ್ನು ಆಗಾಗ ಅಳೆದು ಸರಿಮಾಡಬೇಕಾಗುತ್ತದೆ. ಹೈಡ್ರಾಲಿಕ್ ಲಿಫ್ಟರಿನಲ್ಲಾದರೋ ಒಂದು ಪುಟ್ಟ ಪ್ಲಂಜರು, ಅದರ ಕೆಳಗೊಂದು ಸ್ಪ್ರಿಂಗು, ಎಣ್ಣೆಯನ್ನು ಒಳಗೆ ಬಿಟ್ಟುಕೊಂಡು ಹಿಂದಕ್ಕೆ ಬಿಡದ ಒಂದು ಗುಂಡು ಇರುತ್ತವೆ. ಎಂಜಿನ್ ಆಯಿಲ್ ಒತ್ತಡದಿಂದ ಒಳಹೊಕ್ಕು ಪ್ಲಂಜರಿನ ಕೆಳಗೆ ತುಂಬಿಕೊಳ್ಳುತ್ತದೆ. ಎಣ್ಣೆ ಕುಗ್ಗುವ ವಸ್ತುವಲ್ಲವಾದ್ದರಿಂದ, ಕ್ಯಾಮ್ ಒತ್ತಿದಾಗ ಇಡೀ ಲಿಫ್ಟರು ಒಂದೇ ಕಬ್ಬಿಣದ ತುಂಡಿನಂತೆ ವರ್ತಿಸುತ್ತದೆ. ಆದರೆ ಆ ಎಣ್ಣೆ ಸೋರಿಹೋಗಿದ್ದರೆ, ಅಥವಾ ಅದರಲ್ಲಿ ಗಾಳಿಯ ಗುಳ್ಳೆ ಸೇರಿದ್ದರೆ, ಅಥವಾ ಹಳೆಯ ಎಣ್ಣೆಯ ಜಿಡ್ಡು ಗಟ್ಟಿಯಾಗಿ ಪ್ಲಂಜರನ್ನು ಹಿಡಿದುಕೊಂಡಿದ್ದರೆ, ಒತ್ತಿದಾಗ ಅದು ಸ್ವಲ್ಪ ಕುಸಿಯುತ್ತದೆ, ಸಂದು ಉಳಿಯುತ್ತದೆ, ಟಿಕ್ ಎನ್ನುತ್ತದೆ. ನನ್ನ ಎಂಜಿನ್ನಿನಲ್ಲಿ ಇಂತಹವು 16 ಇವೆ, ಒಂದೊಂದು ವಾಲ್ವಿಗೆ ಒಂದರಂತೆ.

ಹೀಗಾಗಿ ಎಲ್ಲರಂತೆ ನಾನೂ ಎಣ್ಣೆಯಿಂದಲೇ ಆರಂಭಿಸಿದೆ. ಆಯಿಲ್ ಮಟ್ಟವನ್ನು ಡಿಪ್‌ಸ್ಟಿಕ್ಕಿನಲ್ಲಿ ನೋಡಿದೆ. ಅದು ಕಡಿಮೆಯಿದ್ದರೆ ಪಂಪು ಗಾಳಿಯನ್ನು ಎಳೆದುಕೊಳ್ಳುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ, ಆದರೆ ಹೆಚ್ಚಾದರೂ, ಪಿಸ್ಟನ್ನುಗಳ ಬಲದಿಂದ ತಿರುಗುವ ಕ್ರ್ಯಾಂಕ್‌ಶಾಫ್ಟು ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ನೊರೆಯಾದ ಎಣ್ಣೆ ಲಿಫ್ಟರಿಗೆ ಹೋದರೆ ಅದರಲ್ಲಿರುವ ಗಾಳಿ ಕುಗ್ಗುತ್ತದೆ, ಫಲ ಒಂದೇ. ಮಟ್ಟ ಸರಿಯಾಗಿತ್ತು. ಆದರೂ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಿದೆ. ಈ ಕಾರಿನ ಆಯಿಲ್ ಫಿಲ್ಟರು, ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅಡಗಿ ಕೂತಿದೆ. ಕೆಳಗಿನಿಂದ ಕೈಯನ್ನು ಮೊಣಕೈಯವರೆಗೆ ತೂರಿಸಿ, ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ತಡವಿ ತಿರುಗಿಸಬೇಕು, ಸಡಿಲವಾದ ಮರುಕ್ಷಣವೇ ಬಿಸಿ ಎಣ್ಣೆ ಮಣಿಕಟ್ಟಿನಿಂದ ಇಳಿದು ಅಂಗಿಯ ತೋಳಿನೊಳಗೆ ಹೋಗುತ್ತದೆ. ಆ ಜಾಗವನ್ನು ಆರಿಸಿದ ಎಂಜಿನಿಯರಿನ ಬಗ್ಗೆ ಆಗ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಹೊಸ ಎಣ್ಣೆ ಹಾಕಿದ ಮರುದಿನ ಸದ್ದು ಕಡಿಮೆಯಾಯಿತು. ಹೋಗಲಿಲ್ಲ, ಕಡಿಮೆಯಾಯಿತು. ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡುಗಳ ಗಲಾಟೆ ಇಳಿದು, ಅದರ ನಂತರದ ಒಂದೇ ಸಮನೆಯ ಟಿಕ್ ಟಿಕ್ ಮಾತ್ರ ಹಾಗೆಯೇ ಉಳಿಯಿತು. ಈಗ ಹಿಂತಿರುಗಿ ನೋಡಿದರೆ, ಇಲ್ಲಿ ಎರಡು ಸದ್ದುಗಳಿವೆ ಎಂಬುದನ್ನು ಕಾರೇ ನನಗೆ ಬಿಡಿಸಿ ಹೇಳುತ್ತಿತ್ತು. ನಾನು ಮಾತ್ರ ಅದನ್ನು "ಮದ್ದು ನಾಟಿದೆ, ಇನ್ನೊಂದು ಡೋಸ್ ಬೇಕು" ಎಂದು ಅರ್ಥ ಮಾಡಿಕೊಂಡೆ. ಎಂಜಿನ್ನಿನ ಒಳಗನ್ನು ತೊಳೆಯುವ ಫ್ಲಶ್ ದ್ರವವನ್ನು ಹಾಕಲು ಹಲವರು ಹೇಳಿದರು. 30 ವರ್ಷ ದಾಟಿದ ಎಂಜಿನ್ನಿನಲ್ಲಿ ಅದಕ್ಕೆ ನನ್ನ ಒಪ್ಪಿಗೆಯಿಲ್ಲ, ಏಕೆಂದರೆ ಗೋಡೆಗಳಿಂದ ಒಮ್ಮೆಲೇ ಕಳಚಿದ ಜಿಡ್ಡು, ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ಸಂಪಿನ ತಳದ ಜಾಲರಿಯಲ್ಲಿ ಸಿಕ್ಕಿಕೊಂಡರೆ ಇಡೀ ಎಂಜಿನ್ನಿಗೆ ಎಣ್ಣೆ ತಪ್ಪುತ್ತದೆ. ಇನ್ನು ಕೆಲವರು ಮಂದವಾದ ಆಯಿಲ್ ಹಾಕಿ ಎಂದರು. ಅದು ಸದ್ದನ್ನು ಅಡಗಿಸಬಹುದು, ಆದರೆ ಚಳಿಯಲ್ಲಿ ಮೇಲಿನ ಭಾಗಗಳಿಗೆ ಎಣ್ಣೆ ತಲುಪುವುದನ್ನು ಇನ್ನಷ್ಟು ತಡ ಮಾಡುತ್ತದೆ. ಇವೆರಡನ್ನೂ ಬಿಟ್ಟು ನಾನು ಜಾಣತನವೆಂದುಕೊಂಡು ಮಾಡಿದ್ದೇನೆಂದರೆ, 16 ಹೊಸ ಲಿಫ್ಟರ್‌ಗಳನ್ನು ತರಿಸಿದ್ದು.

ಅವು ಬರುವುದು ತಡವಾಯಿತು, ಅದೇ ಒಳ್ಳೆಯದಾಯಿತು. ಒಂದು ಬೆಳಿಗ್ಗೆ, ಎಂಜಿನ್ ಇನ್ನೂ ಕಾಯುವ ಮೊದಲೇ, ಉದ್ದನೆಯ ಕಲ್ಲುಗೋಡೆಯ ಪಕ್ಕದ ಏರಿನಲ್ಲಿ ಕಿಟಕಿ ಇಳಿಸಿಕೊಂಡು ಹತ್ತುತ್ತಿದ್ದೆ. ಗೋಡೆಗೆ ಬಡಿದು ಮರಳಿದ ಸದ್ದು ಕಿವಿಗೆ ನೇರವಾಗಿ ಬರುತ್ತಿತ್ತು. ಆಕ್ಸಿಲರೇಟರ್ ಒತ್ತಿದಾಗ ಟಿಕ್ ಟಿಕ್ ಎನ್ನುವುದು ಚಟ್ ಚಟ್ ಎಂದು ಗಟ್ಟಿಯಾಯಿತು. ಕಾಲು ತೆಗೆದಾಗ ಬಹುತೇಕ ಮಾಯವಾಯಿತು. ಎಂಜಿನ್ನಿನ ವೇಗ ಎರಡೂ ಹೊತ್ತಿನಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು, ಬದಲಾದದ್ದು ಹೊರೆ ಮಾತ್ರ. ಲಿಫ್ಟರಿಗೆ ಹೊರೆಯ ಗೊಡವೆ ಅಷ್ಟಾಗಿ ಇಲ್ಲ. ಕಾರು ಏರು ಹತ್ತುತ್ತಿರಲಿ, ಇಳಿಜಾರಿನಲ್ಲಿ ಜಾರುತ್ತಿರಲಿ, ಕ್ಯಾಮ್ ಅದೇ ಸ್ಪ್ರಿಂಗನ್ನು ಅಷ್ಟೇ ದೂರ ಒತ್ತುತ್ತದೆ. ಹೊರೆಗೆ ತಕ್ಕಂತೆ ಬದಲಾಗುವುದು ಸಿಲಿಂಡರಿನೊಳಗಿನ ಒತ್ತಡ. ಅಂದರೆ ನನ್ನ ಸದ್ದಿಗೂ ಸಿಲಿಂಡರಿನಲ್ಲಿ ಉರಿಯುವ ಬೆಂಕಿಗೂ ಏನೋ ನಂಟಿದೆ. ಮನೆಗೆ ಬಂದು, ಆವರೆಗೆ ತಿಳಿದಿದ್ದನ್ನೆಲ್ಲ ಬದಿಗಿಟ್ಟು, ಮೊದಲಿನಿಂದ ಲೆಕ್ಕ ಹಾಕಲು ಕೂತೆ.

ಮೊದಲು ತಾಳ. ಈ ಎಂಜಿನ್ನಿನ ಐಡ್ಲಿಂಗ್ ವೇಗ ನಿಮಿಷಕ್ಕೆ ಸುಮಾರು 850 ಸುತ್ತು, ಅಂದರೆ ಸೆಕೆಂಡಿಗೆ 14 ಸುತ್ತು ದಾಟುತ್ತದೆ. ಕ್ರ್ಯಾಂಕ್‌ಶಾಫ್ಟಿನ ಒಂದು ಸುತ್ತಿಗೆ ಹಿಡಿಯುವ ಕಾಲ ಸುಮಾರು 71 ಮಿಲಿಸೆಕೆಂಡು. ಕ್ಯಾಮ್‌ಶಾಫ್ಟು ಅದರ ಅರ್ಧ ವೇಗದಲ್ಲಿ ತಿರುಗುವುದರಿಂದ ಅದರ ಸುತ್ತಿಗೆ ಸುಮಾರು 141 ಮಿಲಿಸೆಕೆಂಡು. ಸೆಕೆಂಡಿಗೆ ಏಳು ಟಿಕ್ಕುಗಳನ್ನೂ ಹದಿನಾಲ್ಕು ಟಿಕ್ಕುಗಳನ್ನೂ ಕಿವಿಯಿಂದ ಎಣಿಸುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಫೋನನ್ನು ಬಾನೆಟ್ಟಿನ ಅಂಚಿನಲ್ಲಿಟ್ಟು ಅರ್ಧ ನಿಮಿಷದ ಸದ್ದನ್ನು ಮುದ್ರಿಸಿಕೊಂಡು, ಕಂಪ್ಯೂಟರಿನಲ್ಲಿ ಅದರ ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಹುಲ್ಲುಗಾವಲಿನ ನಡುವೆ ನೆಟ್ಟ ಬೇಲಿಗೂಟಗಳಂತೆ, ಗದ್ದಲದ ಮೇಲೆ ಚೂಪಾದ ಮೊನೆಗಳು ಒಂದೇ ಅಂತರದಲ್ಲಿ ನಿಂತಿದ್ದವು. ಒಂದು ಮೊನೆಯಿಂದ ಇನ್ನೊಂದಕ್ಕೆ ಅಳೆದರೆ 140 ಮಿಲಿಸೆಕೆಂಡಿನ ಆಸುಪಾಸು. ಕ್ರ್ಯಾಂಕ್‌ಶಾಫ್ಟಿನ ಎರಡು ಸುತ್ತಿಗೆ ಒಂದು ಟಿಕ್.

ಈ ಒಂದು ಅಂಕಿಯಿಂದ ಕೆಲವು ಭಯಗಳು ದೂರವಾದವು. ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸಿದ ಪುಲ್ಲಿ, ಫ್ಲೈವೀಲು ಮೊದಲಾದವು ಸದ್ದು ಮಾಡಿದರೆ ಸುತ್ತಿಗೊಮ್ಮೆ ಮಾಡುತ್ತವೆ. ನನ್ನ ಕಾರಿನ ಮಟ್ಟಿಗೆ ಇದು ದೊಡ್ಡ ನೆಮ್ಮದಿ, ಏಕೆಂದರೆ 1991ರವರೆಗಿನ ಆರಂಭದ 1.6 ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮೂತಿ, ಅಂದರೆ ಪುಲ್ಲಿ ಕೂರುವ ಮುಂದಿನ ತುದಿ, ಗಿಡ್ಡ. ಅಲ್ಲಿನ ಬೋಲ್ಟು ಸ್ವಲ್ಪ ಸಡಿಲಾದರೂ ಕೀಲಿ ಕೂರುವ ತೋಡು ಸವೆದು, ಪುಲ್ಲಿ ಓಲಾಡತೊಡಗಿ, ಕೊನೆಗೆ ಕ್ರ್ಯಾಂಕ್‌ಶಾಫ್ಟೇ ಕೆಡುತ್ತದೆ. ಪುಲ್ಲಿಯ ಮುಖದಲ್ಲಿ ನಾಲ್ಕು ಸೀಳುಗಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. ನನ್ನದರಲ್ಲಿ ನಾಲ್ಕು. ಎಂಜಿನ್ ಓಡುತ್ತಿರುವಾಗ ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದೆ, ಪುಲ್ಲಿ ನೇರವಾಗಿಯೇ ತಿರುಗುತ್ತಿತ್ತು. ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ ಬೇರಿಂಗ್ ಹೋದಾಗ ಬರುವ ಸದ್ದಿನ ಮೈಕಟ್ಟೇ ಬೇರೆ. ಅದು ಟಿಕ್ ಎನ್ನುವುದಿಲ್ಲ, ಒಳಗಿನಿಂದ ಯಾರೋ ಸುತ್ತಿಗೆಯಲ್ಲಿ ಬಡಿದಂತೆ ಡಬ್ ಡಬ್ ಎನ್ನುತ್ತದೆ, ಎಂಜಿನ್ ಕಾದು ಎಣ್ಣೆ ತೆಳುವಾದಂತೆ ಹೆಚ್ಚುತ್ತದೆ. ಅಂತಹ ಸದ್ದು ಕೇಳಿದರೆ ಪತ್ತೆದಾರಿಕೆ ಮಾಡುತ್ತ ಕೂರಬಾರದು, ಎಂಜಿನ್ ಆಫ್ ಮಾಡಬೇಕು.

ಆದರೆ ಅರ್ಧ ವೇಗದ ತಾಳ ಎಂದರೆ ಲಿಫ್ಟರೇ ಎಂದು ಹಾರುವುದು ತಪ್ಪು. ನಾನು ಮೂರು ತಿಂಗಳು ಮಾಡಿದ್ದು ಇದೇ ತಪ್ಪು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಮಾತ್ರ ಉರಿಯುತ್ತದೆ, ಎರಡು ಸುತ್ತಿಗೊಮ್ಮೆ ಮಾತ್ರ ಹೊಗೆಯನ್ನು ಹೊರಗೆ ತಳ್ಳುತ್ತದೆ. ಆ ಹೊಗೆಯನ್ನು ಕೂಡಿಸಿ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡು ಒಂದು ಸಿಲಿಂಡರಿನ ಬಳಿ ಸೋರುತ್ತಿದ್ದರೆ ಅದರ ಸದ್ದೂ 141 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ. ಸವೆದ ಪಿಸ್ಟನ್ನು ತಣ್ಣಗಿರುವಾಗ ಸಿಲಿಂಡರಿನ ಗೋಡೆಗೆ ವಾಲಿ ಬಡಿಯುವ ಸದ್ದಿಗೂ ಅದೇ ತಾಳ. ಮೂವರು ಶಂಕಿತರೂ ಒಂದೇ ಗತಿಯಲ್ಲಿ ನಡೆಯುವವರು, ಮೂವರೂ ತಣ್ಣಗಿರುವಾಗ ಜೋರು, ಕಾದಮೇಲೆ ಮೆತ್ತಗೆ. ಹೆಜ್ಜೆಯ ಸಪ್ಪಳದಿಂದ ಇವರನ್ನು ಬೇರೆ ಮಾಡಲಾಗದು.

ಮುಂದುವರಿಯುವ ಮೊದಲು ಚಿಲ್ಲರೆ ಶಂಕೆಗಳನ್ನು ಮುಗಿಸಿಕೊಂಡೆ. ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ಸೊಲೆನಾಯ್ಡ್ ಟಿಕ್ ಟಿಕ್ ಎನ್ನುವುದುಂಟು. ಆದರೆ ಅದರ ಬಡಿತಕ್ಕೆ ಎಂಜಿನ್ನಿನ ವೇಗದ ಹಂಗಿಲ್ಲ, ವೇಗ ಏರಿಸಿದರೂ ಅದು ತನ್ನ ಪಾಡಿಗೆ ಹೊಡೆದುಕೊಳ್ಳುತ್ತದೆ. ನನ್ನ ಸದ್ದು ವೇಗದ ಜೊತೆಗೇ ಓಡುತ್ತಿತ್ತು. ಇಂಜೆಕ್ಟರ್‌ಗಳು ಆರೋಗ್ಯವಾಗಿರುವಾಗಲೂ ಚಿಟಿಚಿಟಿ ಎನ್ನುತ್ತವೆ, ನಾಲ್ಕೂ ಒಂದೇ ದನಿಯಲ್ಲಿದ್ದರೆ ಚಿಂತೆಯಿಲ್ಲ. ಪ್ಲಗ್ ವಯರಿನಿಂದ ಕರೆಂಟು ಹೊರಗೆ ಜಿಗಿಯುತ್ತಿದ್ದರೂ ಟಿಕ್ ಎನ್ನುತ್ತದೆ. ಅದನ್ನು ಪತ್ತೆ ಹಚ್ಚಲು ಕತ್ತಲಲ್ಲಿ ಬಾನೆಟ್ ತೆರೆದು ನೋಡಿದರೆ ಸಾಕು, ನೀಲಿ ಕಿಡಿ ತಾನೇ ಕಾಣಿಸುತ್ತದೆ. ನನಗೆ ಕಂಡದ್ದು ಕತ್ತಲು ಮಾತ್ರ.

ಎಣ್ಣೆಯ ಒತ್ತಡವನ್ನೂ ನೋಡಿಬಿಡಬೇಕಿತ್ತು. ಈ ವಿಷಯದಲ್ಲಿ ಹಳೆಯ ಕಾರು ಹೊಂದಿದವರು ಅದೃಷ್ಟವಂತರು. 1994ರವರೆಗಿನ ಎಂಎಕ್ಸ್-5ಗಳಲ್ಲಿ ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ನಿಜವಾದ ಒತ್ತಡವನ್ನು ತೋರಿಸುತ್ತದೆ. ನಂತರದವುಗಳಲ್ಲಿ ಮುಳ್ಳು ಇದ್ದರೂ ಅದರ ಹಿಂದೆ ಇರುವುದು ಬರಿಯ ಸ್ವಿಚ್ಚು, ಒತ್ತಡ ಒಂದು ಮಟ್ಟಕ್ಕಿಂತ ಮೇಲಿದ್ದರೆ ಮುಳ್ಳು ನಡುವೆ ಬಂದು ನಿಲ್ಲುತ್ತದೆ, ಅಷ್ಟೇ. ಮುಳ್ಳು ಅತ್ತಿತ್ತ ಆಡುವುದನ್ನು ಕಂಡು ಗಾಬರಿಯಾದ ಮಾಲೀಕರನ್ನು ಸಮಾಧಾನಪಡಿಸಲು ಹೀಗೆ ಮಾಡಿದರೋ ಏನೋ, ನನಗಂತೂ ಸುಳ್ಳು ಹೇಳುವ ಮೀಟರಿಗಿಂತ ಗಾಬರಿ ಹುಟ್ಟಿಸುವ ಮೀಟರೇ ವಾಸಿ. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಇರಬೇಕು ಎಂಬ ಹಳೆಯ ಅಂದಾಜಿನ ಲೆಕ್ಕಕ್ಕೆ ಹಿಡಿದು ನೋಡಿದರೆ, ಎಂಜಿನ್ ಚೆನ್ನಾಗಿ ಕಾದಮೇಲೂ ನನ್ನ ಮುಳ್ಳು ಎಲ್ಲ ವೇಗಗಳಲ್ಲೂ ಅದಕ್ಕಿಂತ ಮೇಲೆಯೇ ಇತ್ತು.

ಇನ್ನು ಕಿವಿಯ ಕೆಲಸ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ಕೇಳುವುದು ಎಲ್ಲ ಗ್ಯಾರೇಜುಗಳಲ್ಲೂ ನಡೆಯುವ ಪದ್ಧತಿ. ಮಾಡುವಾಗ ಅಂಗಿಯ ತೋಳು, ಕೂದಲು ಬೆಲ್ಟಿನಿಂದ ದೂರವಿರಲಿ. ರೇಡಿಯೇಟರಿನ ಎಲೆಕ್ಟ್ರಿಕ್ ಫ್ಯಾನು ಹೇಳದೆ ಕೇಳದೆ ತಿರುಗತೊಡಗುತ್ತದೆ ಎಂಬುದೂ ನೆನಪಿರಲಿ. ನಾನು ಕ್ಯಾಮ್ ಕವರಿನ ಉದ್ದಕ್ಕೂ ಒಂದೊಂದು ಬೋಲ್ಟಿನ ಮೇಲೂ ತುದಿ ಇಟ್ಟು ಕೇಳಿದೆ. ಟಿಕ್ ಎಲ್ಲೆಡೆಯೂ ಕೇಳಿಸಿತು, ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿ ಕೇಳಿಸಿತು. ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂತ ಅಲ್ಯೂಮಿನಿಯಮ್ಮಿನ ಹೆಡ್ಡು ಸದ್ದನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸಲೀಸಾಗಿ ಸಾಗಿಸುತ್ತದೆ. ಮೂಲ ಮಾತ್ರ ಬಚ್ಚಿಟ್ಟುಕೊಳ್ಳುತ್ತದೆ.

ಆಗ ಹೊಳೆದದ್ದು, ಸರಳು ಲೋಹದ ಸದ್ದನ್ನು ಕೇಳಿಸುತ್ತದೆ, ಗಾಳಿಯ ಸದ್ದನ್ನಲ್ಲ. ಮೆಕ್ಯಾನಿಕ್ಕುಗಳು ಬಳಸುವ ಸ್ಟೆತಸ್ಕೋಪಿನಿಂದ ಮುಂದಿನ ಲೋಹದ ಕಡ್ಡಿಯನ್ನು ತೆಗೆದು, ಆ ಜಾಗಕ್ಕೆ ಮೊಳದುದ್ದದ ಬರಿಯ ರಬ್ಬರ್ ಕೊಳವೆಯನ್ನು ಸಿಕ್ಕಿಸಿದೆ. ಈಗ ಅದು ಮುಟ್ಟಿದ್ದನ್ನು ಕೇಳಿಸುವುದಿಲ್ಲ, ಬಾಯಿಯ ಎದುರಿಗೆ ಇದ್ದದ್ದನ್ನು ಕೇಳಿಸುತ್ತದೆ. ಕೊಳವೆಯ ತೆರೆದ ಬಾಯಿಯನ್ನು ಇನ್‌ಟೇಕ್ ಬದಿಯಲ್ಲಿ ಆಡಿಸಿದೆ, ಉಸಿರಾಟದಂತಹ ಮಂದ ಸದ್ದು. ಪ್ಲಗ್ಗುಗಳ ಗುಂಡಿಗಳ ಮೇಲೆ ಹಿಡಿದೆ, ಏನಿಲ್ಲ. ಸಡಿಲವಾದ ಪ್ಲಗ್ಗಿನ ಪಕ್ಕದಿಂದ ಗಾಳಿ ಸೋರಿದರೂ ಹೀಗೆಯೇ ಟಿಕ್ ಎನ್ನುತ್ತದೆ ಎಂಬುದು ಗೊತ್ತಿದ್ದುದರಿಂದ ಅಲ್ಲಿ ಎರಡು ಸಲ ಕೇಳಿದೆ. ಎಕ್ಸಾಸ್ಟ್ ಬದಿಗೆ ಬಂದು, ಮ್ಯಾನಿಫೋಲ್ಡನ್ನು ಮುಚ್ಚಿರುವ ತಗಡಿನ ಹೀಟ್ ಶೀಲ್ಡಿನ ಹಿಂಭಾಗದ ಅಂಚಿಗೆ ಕೊಳವೆಯನ್ನು ಒಯ್ದಾಗ ಕಿವಿಯೊಳಗೆ ಯಾರೋ ಬೆರಳಿನಿಂದ ಚಿಮ್ಮಿದಂತಾಯಿತು. ಒಂದು ಗೇಣು ಮುಂದಕ್ಕೆ ಸರಿಸಿದರೆ ಅರ್ಧ, ಎರಡು ಗೇಣು ಸರಿಸಿದರೆ ಇಲ್ಲವೇ ಇಲ್ಲ. ಹಿಂದಕ್ಕೆ ತಂದರೆ ಮತ್ತೆ ಚಟ್ ಚಟ್ ಚಟ್.

ಆದರೂ ಒಂದು ಸಾಕ್ಷಿಗೆ ತೀರ್ಪು ಕೊಡುವ ಚಾಳಿಯನ್ನು ಬಿಟ್ಟಿದ್ದೆನಾದ್ದರಿಂದ ಸಿಲಿಂಡರುಗಳನ್ನು ಒಂದೊಂದಾಗಿ ಮಲಗಿಸಿ ನೋಡಿದೆ. ಪ್ಲಗ್ಗಿನ ವಯರನ್ನು ಕೀಳುವುದು ಹಳೆಯ ಕ್ರಮ. ಹಾಗೆ ಮಾಡಿದರೆ ಉರಿಯದ ಪೆಟ್ರೋಲು ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಹಾಳುಮಾಡುತ್ತದೆ, ಕೈಗೆ ಶಾಕ್ ಹೊಡೆಯುವುದು ಬೇರೆ. ಅದರ ಬದಲು ಎಂಜಿನ್ ಆಫ್ ಮಾಡಿ ಒಂದು ಇಂಜೆಕ್ಟರಿನ ಪ್ಲಾಸ್ಟಿಕ್ ಕನೆಕ್ಟರನ್ನು ಬಿಡಿಸಿ, ಮತ್ತೆ ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಕೇಳಿ, ಆಫ್ ಮಾಡಿ ಜೋಡಿಸಿದೆ. ಒಂದು, ಎರಡು, ಮೂರನೆಯ ಸಿಲಿಂಡರುಗಳು ಮಲಗಿದಾಗ ಎಂಜಿನ್ ಕುಂಟಿತು, ಟಿಕ್ ಮಾತ್ರ ಹಾಗೆಯೇ ಇತ್ತು. ಹಿಂದಿನ ನಾಲ್ಕನೆಯದು ಮಲಗಿದಾಗ ಟಿಕ್ ಕ್ಷೀಣವಾಗಿ ಗುಸುಗುಸುವಾಯಿತು. ಲಿಫ್ಟರು ತಪ್ಪಿತಸ್ಥನಾಗಿದ್ದರೆ ಬೆಂಕಿ ಇರಲಿ ಇಲ್ಲದಿರಲಿ ಬಡಿಯುತ್ತಲೇ ಇರಬೇಕಿತ್ತು. ಪಿಸ್ಟನ್ನಿನ ಬಡಿತವೂ ಉರಿಯುವಿಕೆ ನಿಂತಾಗ ತಗ್ಗುತ್ತದೆ ನಿಜ. ಆದರೆ ಅದು ಕೇಳಿಸಬೇಕಾದ್ದು ಕೆಳಗಿನ ಬ್ಲಾಕಿಗೆ ಊರಿದ ಸರಳಿನಲ್ಲಿ, ಗಾಳಿಯಲ್ಲಿ ಹಿಡಿದ ಕೊಳವೆಯಲ್ಲಿ ಅಲ್ಲ.

ಹೀಟ್ ಶೀಲ್ಡಿನ ಬೋಲ್ಟುಗಳು ಬಿಚ್ಚಲು ಒಂದು ಇಡೀ ಮಧ್ಯಾಹ್ನ ತಿಂದವು. ತುಕ್ಕು ಸಡಿಲಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿಟ್ಟಿದ್ದರೂ ಒಂದರ ತಲೆ ಕೈಗೇ ಬಂತು. ತಗಡು ಎತ್ತಿದಾಗ ಕಂಡದ್ದಕ್ಕೆ ವಿವರಣೆಯೇ ಬೇಕಿರಲಿಲ್ಲ. ನಾಲ್ಕನೆಯ ಸಿಲಿಂಡರಿನ ಬಳಿ, ಹೆಡ್ಡಿಗೆ ಮ್ಯಾನಿಫೋಲ್ಡು ಕೂಡುವ ಗೆರೆಯಿಂದ ಹೊರಕ್ಕೆ, ಬೂದು ಬಣ್ಣದ ಅಲ್ಯೂಮಿನಿಯಮ್ಮಿನ ಮೇಲೆ ಬೀಸಣಿಗೆ ಬಿಚ್ಚಿದ ಆಕಾರದಲ್ಲಿ ಮಸಿ ಹರಡಿತ್ತು. ಬೆರಳಿನಿಂದ ಒರೆಸಿದರೆ ಕಾಡಿಗೆಯಂತೆ ನುಣ್ಣಗೆ ಅಂಟಿತು. ಅದರ ಕೆಳಗೆ, ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬಿಗಿದು ಹಿಡಿಯುವ ಸ್ಟಡ್ಡಿನಲ್ಲಿ ನಟ್ಟು ಇತ್ತು, ಆದರೆ ಬೆರಳಲ್ಲಿ ಹಿಡಿದರೆ ನಟ್ಟಿನ ಜೊತೆ ಸ್ಟಡ್ಡೂ ಅಲುಗಾಡಿತು. ಒಳಗೆ ಎಲ್ಲೋ ತುಂಡಾಗಿ, ಎರಡರ ನಡುವೆ ಸೋರದಂತೆ ಇಡುವ ಗ್ಯಾಸ್ಕೆಟ್ಟಿನ ತೂತಿನಲ್ಲಿ ಸುಮ್ಮನೆ ಕೂತಿತ್ತು. ಖಚಿತಪಡಿಸಿಕೊಳ್ಳಲೆಂದು, ತಣ್ಣಗಿದ್ದ ಎಂಜಿನ್ನಿನ ಸೈಲೆನ್ಸರ್ ಕೊಳವೆಗೆ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯಿಯನ್ನು ಬಟ್ಟೆ ಸುತ್ತಿ ಹಿಡಿದು, ಕೂಡುಗೆರೆಯ ಮೇಲೆ ಸಾಬೂನು ನೀರು ಚಿಮುಕಿಸಿದೆ. ಮೂರು ಸಿಲಿಂಡರುಗಳ ಬಳಿ ನೀರು ಸುಮ್ಮನೆ ಇಳಿದುಹೋಯಿತು. ನಾಲ್ಕನೆಯದರ ಬಳಿ ಮೊದಲು ಒಂದು ಗುಳ್ಳೆ, ಅದರ ಬೆನ್ನಿಗೆ ಇನ್ನೊಂದು, ಆಮೇಲೆ ಹಾಲುಕ್ಕಿದಂತೆ ನೊರೆ.

ಕಾದಮೇಲೆ ಸದ್ದು ತಗ್ಗುತ್ತಿದ್ದುದೂ ಇಲ್ಲಿಗೆ ಅರ್ಥವಾಯಿತು. ಮ್ಯಾನಿಫೋಲ್ಡು ಬಿಸಿಯಾಗಿ ಹಿಗ್ಗಿ ಸಂದನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಇನ್ನೊಂದು ಹಳೆಯ ಒಗಟೂ ಬಿಡಿಸಿಕೊಂಡಿತು. ಕೆಲವು ತಿಂಗಳಿಂದ ಕಾರು ಸ್ವಲ್ಪ ಹೆಚ್ಚು ಪೆಟ್ರೋಲ್ ಕುಡಿಯುತ್ತಿತ್ತು, ನಾನು ಅದಕ್ಕೆ ನನ್ನ ಬಲಗಾಲನ್ನೇ ದೂರಿಕೊಂಡಿದ್ದೆ. ಎಕ್ಸಾಸ್ಟಿನ ಒತ್ತಡ ಅಲೆಅಲೆಯಾಗಿ ಬರುತ್ತದೆ. ಅಲೆ ಏರಿದಾಗ ಸಂದಿನಿಂದ ಹೊಗೆ ಹೊರಗೆ ಚಿಮ್ಮುತ್ತದೆ, ಅಲೆ ಇಳಿದಾಗ ಅದೇ ಸಂದಿನಿಂದ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಮುಂದೆ ಕೂತಿರುವ ಆಕ್ಸಿಜನ್ ಸೆನ್ಸರು ಆ ಗಾಳಿಯನ್ನು ಮೂಸಿ, ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ ಎಂದು ಕಂಪ್ಯೂಟರಿಗೆ ವರದಿ ಕೊಡುತ್ತದೆ, ಕಂಪ್ಯೂಟರು ಪ್ರಾಮಾಣಿಕವಾಗಿ ಪೆಟ್ರೋಲ್ ಹೆಚ್ಚಿಸುತ್ತದೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಬಾನೆಟ್ಟಿನ ಕೆಳಗೆ ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಕಾರಿನೊಳಗೆ ತಾಜಾ ಗಾಳಿ ಬರುವ ದಾರಿ ಇರುವುದೂ ಬಾನೆಟ್ಟಿನ ಹಿಂದಿನ ಅಂಚಿನಲ್ಲೇ. ಚಾವಣಿ ತೆರೆದು ಓಡಿಸುವವರೆಗೆ ಚಿಂತೆಯಿಲ್ಲ, ಮಳೆಗಾಲದಲ್ಲಿ ಎಲ್ಲವನ್ನೂ ಮುಚ್ಚಿಕೊಂಡು ಕೂತಾಗ ಇದು ಬರಿಯ ಸದ್ದಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ದುರಸ್ತಿಯ ಕಥೆ ಚಿಕ್ಕದು. ಮುರಿದ ಸ್ಟಡ್ಡಿನ ಉಳಿದ ಭಾಗ ಹೆಡ್ಡಿನಿಂದ ಸ್ವಲ್ಪ ಹೊರಗೆ ಚಾಚಿದ್ದರಿಂದ, ಅದರ ಮೇಲೆ ಒಂದು ನಟ್ಟನ್ನು ವೆಲ್ಡ್ ಮಾಡಿಸಿ ತಿರುಗಿಸಿದಾಗ ವೆಲ್ಡಿಂಗಿನ ಬಿಸಿಗೇ ಸಡಿಲವಾಗಿ ಬಂದುಬಿಟ್ಟಿತು. ಹೆಡ್ಡಿನ ಒಳಗೇ ಮುರಿದಿದ್ದರೆ ಕಥೆ ಚಿಕ್ಕದಾಗಿರುತ್ತಿರಲಿಲ್ಲ. ಮ್ಯಾನಿಫೋಲ್ಡಿನ ಮುಖಕ್ಕೆ ಉಕ್ಕಿನ ಪಟ್ಟಿಯನ್ನು ಅಡ್ಡ ಹಿಡಿದು, ಕೆಳಗೆ ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ತೂರಿಸಿ, ಡೊಂಕಾಗಿಲ್ಲ ಎಂದು ನೋಡಿಕೊಂಡೆ. ಮುಖ ಡೊಂಕಾಗಿದ್ದರೆ ಹೊಸ ಗ್ಯಾಸ್ಕೆಟ್ಟು ಹಾಕಿಯೂ ಪ್ರಯೋಜನವಿಲ್ಲ, ಹೊಸ ಸ್ಟಡ್ಡನ್ನೂ ಅದೇ ಸೆಳೆತ ಮುರಿಯುತ್ತದೆ. ಹೊಸ ಸ್ಟಡ್ಡುಗಳು, ಹೊಸ ನಟ್ಟುಗಳು, ಹೊಸ ಗ್ಯಾಸ್ಕೆಟ್ಟು. ನಡುವಿನಿಂದ ಆರಂಭಿಸಿ ಎರಡೂ ತುದಿಗಳತ್ತ, ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ ಎರಡು ಮೂರು ಸುತ್ತುಗಳಲ್ಲಿ ಬಿಗಿದೆ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೂರು ನಾಲ್ಕು ಸೆಕೆಂಡು ಟಕಟಕ ಎಂದಿತು. ಆಮೇಲೆ ಎಷ್ಟೋ ತಿಂಗಳಿಂದ ನಾನು ಕೇಳದಿದ್ದ ಸುಮ್ಮನಿರುವಿಕೆ.

ಆ ಮೂರು ನಾಲ್ಕು ಸೆಕೆಂಡು ಮಾತ್ರ ನಿಜವಾಗಿಯೂ ಲಿಫ್ಟರಿನ ಸದ್ದು. ಮೆಕ್ಯಾನಿಕ್ ಹೇಳಿದ ಅರ್ಧ ಸತ್ಯ ಅದು. ಅಷ್ಟಕ್ಕೇ ಕ್ಯಾಮ್‌ಶಾಫ್ಟುಗಳನ್ನು ಬಿಚ್ಚುವುದು ವಿವೇಕವಲ್ಲ. ಆದರೆ ಕ್ಯಾಮ್‌ಶಾಫ್ಟುಗಳನ್ನು ತಿರುಗಿಸುವ ಟೈಮಿಂಗ್ ಬೆಲ್ಟಿನ ಆಯುಷ್ಯ ಮುಗಿಯುತ್ತ ಬಂದಿದ್ದರಿಂದ, ಬೆಲ್ಟು ಕಳಚಿದ ದಿನವೇ ಆ ಕೆಲಸಕ್ಕೂ ಕೈಹಾಕಿದೆ. ಕ್ಯಾಮ್ ಕವರ್ ತೆಗೆದು, ಉಬ್ಬು ಮೇಲಕ್ಕಿರುವ ಲಿಫ್ಟರ್‌ಗಳನ್ನು ಮರದ ಕಡ್ಡಿಯಿಂದ ಒಂದೊಂದಾಗಿ ಒತ್ತಿ ನೋಡಿದೆ. ಹದಿನಾಲ್ಕು ಕಲ್ಲಿನಂತೆ ಕೂತಿದ್ದವು. ಎರಡು ಮಾತ್ರ, ಬೆರಳಿಗೆ ಮಾಗಿದ ಸಪೋಟ ಸಿಕ್ಕಂತೆ, ಮೆತ್ತಗೆ ಒಳಸರಿದವು. ಕ್ಯಾಮಿನ ಕ್ಯಾಪುಗಳನ್ನು ಯಾವುದನ್ನೂ ಅದಲುಬದಲು ಮಾಡದೆ, ತುದಿಗಳಿಂದ ನಡುವಿಗೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ, ಆ ಎರಡನ್ನು ಎತ್ತಿದೆ. ಹೊಸ ಲಿಫ್ಟರನ್ನು ಶುದ್ಧ ಆಯಿಲ್ ತುಂಬಿದ ಬಟ್ಟಲಿನಲ್ಲಿ ಮುಳುಗಿಸಿ ಪ್ಲಂಜರನ್ನು ಒತ್ತಿ ಬಿಟ್ಟಾಗ, ಸಾಸಿವೆಯಷ್ಟು ದೊಡ್ಡ ಗುಳ್ಳೆಗಳು ಸಾಲಾಗಿ ಮೇಲೆದ್ದು ಬಂದವು; ಹತ್ತು ಹದಿನೈದು ಸಲ ಒತ್ತಿದ ಮೇಲೆ ಗುಳ್ಳೆ ನಿಂತಿತು, ಪ್ಲಂಜರೂ ಗಟ್ಟಿಯಾಗಿ ನಿಂತಿತು.

ತರಿಸಿದ್ದು ಹದಿನಾರು, ಬಳಸಿದ್ದು ಎರಡು. ಉಳಿದ ಹದಿನಾಲ್ಕು ಪೆಟ್ಟಿಗೆ ಬಿಚ್ಚದೆ ಕಪಾಟಿನಲ್ಲಿವೆ, ಪಕ್ಕದಲ್ಲೇ ಮುರಿದ ಸ್ಟಡ್ಡನ್ನೂ ಇಟ್ಟಿದ್ದೇನೆ.